ಇಳಿಯದ ವಿಮಾನ

"ನಿನ್ನ ತೂಕ ಎಷ್ಟು?"

ಅವನು ಅವಳನ್ನು ಕೇಳಿದ ಮೊದಲ ಮಾತೇ ಇದು!

ಮಿನ್ನಿ ಕೈಯಲ್ಲಿದ್ದ ಹಿಟ್ಟಿನ ಚೀಲವನ್ನು ದೋಣಿಕಟ್ಟೆಯ ಹಲಗೆ ಮೇಲೆ ಧೊಪ್ಪನೆ ಹಾಕಿದಳು.

"ಮೊದ್ಲು ನಿಮ್ಮಮ್ಮನ ತೂಕ ಕೇಳ್ಕೊಂಡು ಬಾ. ಆಮೇಲೆ ನಂದು ಹೇಳ್ತೀನಿ."

"ನಮ್ಮಮ್ಮ ಈ ವಿಮಾನ ಹತ್ತಲ್ಲ. ಹತ್ತಿದ್ರೆ ಅವಳನ್ನೂ ಕೇಳ್ತಿದ್ದೆ," ಎಂದ ಅವನು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. "ಭಾರ ಜಾಸ್ತಿ ಆಗಿ ನೀರಿಂದ ಮೇಲೇಳ್ದೇ ಹೋದ್ರೆ ಆಗ ನನ್ನ ಬೈಬೇಡ."

ಹಿಂದೆ ನಿಂತಿದ್ದ ಅವಳ ಅಪ್ಪ ಜೋಸಾಯ ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟ. "ಹುಡುಗ ಸರಿಯಾಗೇ ಕೇಳಿದಾನೆ ಕಣೇ. ನಿಜ ಹೇಳು. ಮುಳುಗಿದ್ರೆ ನಿನ್ ಜೊತೆ ನಾನೂ ಮುಳುಗ್ಬೇಕು!"

ಅವನ ಹೆಸರು ಜೆರ್ವೆ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಓಡಿಸುವವನು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಹುಡುಗ. ಮಿನ್ನಿ ಅದೇ ಕ್ವಿಬೆಕ್‌ನ ಉತ್ತರದ ಕಾಡಿನವಳು, ಕ್ರೀ ಜನದವಳು. ಅವಳ ಜನ ಬೇಟೆಯಾಡಿ ಬದುಕಿದ ಕಾಡು ಅದು, ಕ್ವಿಬೆಕ್ ಎಂಬ ಹೆಸರು ಹುಟ್ಟುವ ಮೊದಲಿನಿಂದ.

ಆ ದಿನ ಅವಳು ಉರಿಯುತ್ತಲೇ ವಿಮಾನ ಹತ್ತಿದಳು. ಇಳಿಯುವಾಗ ಮಾತ್ರ, ಅವನು ಅಪ್ಪನ ತೋಳು ಹಿಡಿದು ಜಾರುವ ಬಂಡೆ ದಾಟಿಸಿದ್ದನ್ನು ನೋಡಿದಳು. ಯಾರೂ ಹೇಳಿರಲಿಲ್ಲ, ಯಾರೂ ನೋಡಲಿ ಅಂತಲೂ ಅವನು ಮಾಡಿರಲಿಲ್ಲ.

'ಅಯ್ಯೋ... ಇವನು ಒಳ್ಳೆಯವನಾಗಿರದಿದ್ದರೆ ಎಷ್ಟು ಚೆನ್ನಾಗಿತ್ತು!'

ಒಳ್ಳೆಯವನೇ ಆಗಿದ್ದ. ಅದೇ ತೊಂದರೆಯಾಯಿತು.

ಎರಡು ವರ್ಷ ಅವನು ಕಾಡಿನೊಳಗಿನ ಜೋಸಾಯನ ಬೇಟೆ ಬಿಡಾರಕ್ಕೆ ಸಾಮಾನು ತಂದ, ಉಳಿದುಕೊಂಡ, ಉಂಡ. ಮುದುಕ ಅವನನ್ನು ದಂಡೆಯುದ್ದಕ್ಕೂ ಕರೆದೊಯ್ದು ಮಂಜುಗಡ್ಡೆಯ ಬಣ್ಣ ಕಲಿಸಿದ. ದೋಣಿಯವರ ಸನ್ನೆ ಕಲಿಸಿದ. ಬೀವರ್ ಎಂಬ ನೀರುಪ್ರಾಣಿಯ ಮಾಂಸ ತಿನ್ನಲು ಕಲಿಸಿದ. ಬಾಲದ ಕೊಬ್ಬು ಗಂಟಲಿಗಿಳಿಯದೆ ಜೆರ್ವೆಯ ಕಣ್ಣಲ್ಲಿ ನೀರು ಬಂದಾಗ ಅಮ್ಮ ಕ್ಲಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಳಿಯ ಆಗೋನು ಅಳ್ತಾ ಇದಾನೆ ನೋಡೇ!"

"ಅಮ್ಮಾ!" ಎಂದಳು ಮಿನ್ನಿ. ಕಿವಿ ಕೆಂಪಾಗಿತ್ತು.

ಮಿನ್ನಿಗೆ ಆ ಪಾಠಗಳು ಯಾವುವೂ ಗೊತ್ತಿರಲಿಲ್ಲ. ಆರು ವರ್ಷದವಳನ್ನು ಇಂಥದೇ ಒಂದು ವಿಮಾನ ಬಂದು ದೂರದ ವಸತಿ ಶಾಲೆಗೆ ಎತ್ತಿಕೊಂಡು ಹೋಗಿತ್ತು. ಅಪ್ಪ ಅಮ್ಮನನ್ನು ಯಾರೂ ಕೇಳಿರಲಿಲ್ಲ. ಕಾಡು ಕಲಿಯುವ ವಯಸ್ಸಿನಲ್ಲಿ ಅವಳು ಸಾಲಾಗಿ ನಿಲ್ಲುವುದನ್ನು ಕಲಿತಳು. ಈಗ ಒಬ್ಬ ಹೊರಗಿನವನು ಅಪ್ಪನ ಹಿಂದೆ ನಡೆದು ಕಲಿಯುವುದನ್ನು ಕಂಡಾಗ ಸಂತೋಷವಾಗುತ್ತಿತ್ತು. ಹೊಟ್ಟೆಯೊಳಗೆ ಎಲ್ಲೋ ಕಿಚ್ಚೂ ಹತ್ತುತ್ತಿತ್ತು.

ಆಮೇಲೆ ಆ ಶರತ್ಕಾಲ ಬಂತು. ತೊಂಬತ್ತೈದರ ಶರತ್ಕಾಲ.

ಕ್ವಿಬೆಕ್ ಕೆನಡಾದಿಂದ ಬೇರೆಯಾಗಿ ತನ್ನದೇ ದೇಶವಾಗಬೇಕೇ? ಹೌದೋ, ಬೇಡವೋ? ಅಕ್ಟೋಬರ್ ಕೊನೆಯಲ್ಲಿ ಇಡೀ ಪ್ರಾಂತ್ಯ ಮತ ಹಾಕಬೇಕು. ಜೆರ್ವೆಯ ಊರಲ್ಲಿ ಮನೆಮನೆಗೂ ಕ್ವಿಬೆಕ್‌ನ ನೀಲಿ ಬಾವುಟ. ಅವನ ವಿಮಾನದ ಬಾಗಿಲಲ್ಲೂ ಒಂದು.

ಕ್ರೀ ಜನ ಅಂದರು: ನೀವು ಹೋಗುವುದಾದರೆ ಹೋಗಿ. ನಮ್ಮನ್ನೂ ನಮ್ಮ ಕಾಡನ್ನೂ ಗಂಟು ಕಟ್ಟಿ ಒಯ್ಯುವ ಮೊದಲು ನಮ್ಮನ್ನು ಕೇಳಿ. ಯಾರೂ ಕೇಳದಿದ್ದಾಗ ತಾವೇ ತಮ್ಮ ಮತದಾನ ಇಟ್ಟುಕೊಂಡರು, ಆರು ದಿನ ಮೊದಲು.

"ಈ ಸಲ ನನ್ನ ಕೇಳ್ತಾರಂತೆ," ಎಂದಿದ್ದ ಜೋಸಾಯ, ಕ್ಲಾರಾಳ ಜೊತೆ ಕಾಡಿಗೆ ಹೊರಡುವ ಮುನ್ನ. ಹಿಂದೆ ಕ್ವಿಬೆಕ್ ಸರ್ಕಾರ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಅವನ ತಂದೆಯ ಗೋರಿ ಮುಳುಗಿತ್ತು. "ಆಗ ಯಾರೂ ಕೇಳ್ಲಿಲ್ಲ. ಈ ಸಲ ಮತದ ಪೆಟ್ಟಿಗೆ ನನ್ನ ಬಿಡಾರಕ್ಕೇ ಬರುತ್ತಂತೆ! ಮಿನ್ನಿ, ನೀನೇ ತರ್ಬೇಕು."

"ತರ್ತೀನಪ್ಪಾ. ಆಣೆ."

ಆ ವಾರವೇ ಜೆರ್ವೆ ಮದುವೆಯ ಮಾತೆತ್ತಿದ. ಎಂಥ ಗಳಿಗೆ ನೋಡಿ! ಪ್ರೀತಿಸುವವರಿಗೆ ಬುದ್ಧಿ ಇರುತ್ತದೆ ಎಂದು ಹೇಳಿದವರಿಗೆ ಎರಡು ಬಾರಿಸಬೇಕು.

"ದೇಶ ಆದ್ಮೇಲೆ ನಿಂಗೂ ನಮ್ಮ ಪೌರತ್ವ ಸಿಗುತ್ತೆ ಮಿನ್ನಿ. ಏನೂ ಬದಲಾಗಲ್ಲ."

"ಸಿಗುತ್ತಾ? ಯಾರು ಕೊಡ್ತಾರೆ? ನೀವಾ?" ಅವಳ ದನಿ ಏರಿತು. "ನಮ್ಮ ಚಿಕ್ಕಮ್ಮ ಬಿಳಿಯವನನ್ನ ಮದುವೆಯಾದ ದಿನ ಸರ್ಕಾರ ಏನಂತು ಗೊತ್ತಾ? ಇನ್ಮೇಲೆ ನೀನು ಕ್ರೀ ಅಲ್ಲ ಅಂತು! ಹುಟ್ಟಿದ ಊರಲ್ಲಿ ಮನೆ ಇಲ್ಲ, ಸತ್ರೆ ಮಣ್ಣಿಲ್ಲ. ಕೊಡೋರೂ ನೀವೇ, ಕಿತ್ಕೊಳ್ಳೋರೂ ನೀವೇ... ನಮ್ಮನ್ನ ಏನಂತ ತಿಳ್ಕೊಂಡಿದೀರಾ?"

"ನಮ್ಮನ್ನೂ ಇನ್ನೂರು ವರ್ಷದಿಂದ ಯಾರೂ ಕೇಳಿಲ್ಲ ಮಿನ್ನಿ," ಎಂದ ಅವನು ಮೆಲ್ಲಗೆ. "ನಮ್ಮಪ್ಪ ಗಣೀಲಿ ಮೇಸ್ತ್ರಿಯ ಇಂಗ್ಲಿಷ್ ಬರದೆ ಜೀವನಪೂರ್ತಿ ತಲೆ ತಗ್ಗಿಸ್ಕೊಂಡು ದುಡಿದ. ನಂಗೂ ಒಂದು ಆಸೆ ಇರಬಾರ್ದಾ?"

ಮದುವೆಯ ಮಾತು ಅಲ್ಲೇ ನಿಂತಿತು.

ಬಿಡಾರಗಳಿಗೆ ಮತಪೆಟ್ಟಿಗೆ ಒಯ್ಯುವ ಹೊಣೆ ಮಿನ್ನಿಯದಾಗಿತ್ತು; ಅದಕ್ಕೆ ವಿಮಾನ ಬೇಕಾದಾಗ ಮಾತ್ರ ಜೆರ್ವೆಯೇ ಮುಂದೆ ಬಂದ. ದೋಣಿಕಟ್ಟೆಯಲ್ಲಿ ಅವನ ಜೊತೆಗಾರರು ಮಿನ್ನಿಯ ಎದುರಿಗೇ ಹಂಗಿಸಿದರು.

"ಲೋ, ನಮ್ಮ ದೇಶ ಒಡೆಯೋ ಪೆಟ್ಟಿಗೇನ ನೀನೇ ಹೊತ್ಕೊಂಡು ಹೋಗ್ತೀಯೇನೋ? ಹುಡುಗಿ ಕಣ್ಣಲ್ಲಿ ಅಷ್ಟು ಮದ್ದಿದೆಯಾ?"

"ಮತ ಯಾರದ್ದಾದ್ರೂ ಮತಾನೇ. ದಾರಿ ಬಿಡ್ರೋ."

ಮಿನ್ನಿಯ ಎದೆ ತುಂಬಿ ಬಂತು. 'ಇವನನ್ನು ಬಿಟ್ಟು ನಾನು ಬದುಕಲಾರೆ' ಎಂದು ಅವಳು ಅಂದುಕೊಂಡಿದ್ದು ಆ ಬೆಳಿಗ್ಗೆಯೇ.

ಎರಡು ಬಿಡಾರಗಳಲ್ಲಿ ಇಳಿದರು. ಮುದುಕಿಯರು ಅಂಗೈ ಒರೆಸಿಕೊಂಡು ಬಂದು ಚೀಟಿ ಹಾಕಿದರು, ಚಹಾ ಕೊಟ್ಟರು. ಕೊನೆಗೆ ಉಳಿದದ್ದು ಅಪ್ಪನ ಸರೋವರ.

ಮೇಲಿನಿಂದ ನೀರು ಕಪ್ಪಗೆ, ನಿಶ್ಚಲವಾಗಿ ಕಂಡಿತು. ದಂಡೆಯಲ್ಲಿ ಅಪ್ಪ! ಎರಡೂ ಕೈಯಲ್ಲಿ ದೋಣಿಯ ಹುಟ್ಟನ್ನು ತಲೆಯ ಮೇಲೆ ಅಡ್ಡಕ್ಕೆ ಎತ್ತಿ ಹಿಡಿದು ನಿಂತಿದ್ದ.

"ಅಪ್ಪ ಕರೀತಿದಾನೆ! ನೋಡು, ಹುಟ್ಟು ಎತ್ತಿ ತೋರಿಸ್ತಿದಾನೆ ನೋಡು!"

ಜೆರ್ವೆ ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು. ವಿಮಾನದ ಮೂಗು ಮೇಲಕ್ಕೆತ್ತಿ ತಿರುಗಿಸಿದ.

"ಏನ್ ಮಾಡ್ತಿದೀಯಾ? ಇಳ್ಸು!"

"ಆಗಲ್ಲ. ಮಂಜುಗಡ್ಡೆ ಕಟ್ಟಿದೆ."

"ಎಲ್ಲಿ? ನೀರು ಕಾಣಿಸ್ತಿದೆ! ಅಪ್ಪ ಕಾಯ್ತಿದಾನೆ ಜೆರ್ವೆ... ದಮ್ಮಯ್ಯ, ಇಳ್ಸು!"

ಅವನು ಇಳಿಸಲಿಲ್ಲ. ಅಪ್ಪ ಚಿಕ್ಕವನಾಗುತ್ತ ಆಗುತ್ತ ಒಂದು ಚುಕ್ಕೆಯಾದ. ಪೆಟ್ಟಿಗೆ ಅವಳ ತೊಡೆಯ ಮೇಲೇ ಇತ್ತು.

ಊರಿನ ದೋಣಿಕಟ್ಟೆಯಲ್ಲಿ ಅವಳು ಸಿಡಿದಳು.

"ನಿಮ್ಮೋರು ನಮ್ಮಜ್ಜನ ಗೋರಿ ಮುಳುಗಿಸಿದ್ರು. ನೀನು ಅಪ್ಪನ ಮತ ಕದ್ದೆ! ಬೆಳಿಗ್ಗೆ ಅಷ್ಟು ದೊಡ್ಡ ಮಾತಾಡಿದ್ದು ಇದಕ್ಕೇನಾ?"

"ಮಿನ್ನಿ, ನಿಮ್ಮಪ್ಪಾನೇ..."

"ನಮ್ಮಪ್ಪನ ಹೆಸರು ನಿನ್ನ ಬಾಯಲ್ಲಿ ಬರಬಾರ್ದು!"

ಜೆರ್ವೆಯ ಮುಖ ಬೆಳ್ಳಗಾಯಿತು. ಹಗ್ಗ ಬಿಚ್ಚಿ ವಿಮಾನ ಹತ್ತಿದ.

ಮತದಾನಕ್ಕೆ ಗೊತ್ತು ಮಾಡಿದ್ದ ಒಂದೇ ಹೆಲಿಕಾಪ್ಟರ್ ಬೇರೆ ಬಿಡಾರಗಳ ಕಡೆ ಹೋಗಿತ್ತು. ಮರುದಿನ ಹಿಮ ಕವಿದು ಕಾಡೇ ಮುಚ್ಚಿಹೋಯಿತು. ಬಿಡಾರದಿಂದ ಊರಿಗೆ ಮಾತಾಡುವ ಅಪ್ಪನ ರೇಡಿಯೋ ಆ ವಾರದಿಂದ ಉಸಿರೆತ್ತಲಿಲ್ಲ, ಬ್ಯಾಟರಿ ಸತ್ತಿರಬೇಕು. ಕ್ರೀ ಜನ ಒಂದೇ ದನಿಯಲ್ಲಿ ಬೇಡ ಎಂದರು. ಅದರಲ್ಲಿ ಜೋಸಾಯನ ದನಿ ಇರಲಿಲ್ಲ.

ಆರು ದಿನದ ಮೇಲೆ ಇಡೀ ಕ್ವಿಬೆಕ್ ಕೂಡ ಬೇಡ ಎಂದಿತು, ಕೂದಲೆಳೆಯಲ್ಲಿ. ಹಳ್ಳಿಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಟಿವಿಯಲ್ಲಿ ನೀಲಿ ಬಾವುಟ ಹೊದ್ದು ಅಳುವವರನ್ನು ತೋರಿಸಿದಾಗ ಮಿನ್ನಿ ಎದ್ದು ಹೋಗಿ ಅದನ್ನು ಆರಿಸಿದಳು. ಆ ಅಳುವ ಮುಖಗಳಲ್ಲಿ ಅವಳು ಯಾರನ್ನು ಹುಡುಕುತ್ತಿದ್ದಳೋ ಅವಳಿಗೆ ಗೊತ್ತಿತ್ತು.

ಮಂಜು ಗಟ್ಟಿಯಾದ ಮೇಲೆ, ಡಿಸೆಂಬರ್‌ನಲ್ಲಿ, ಅಪ್ಪನ ಬಿಡಾರಕ್ಕೆ ಹೋಗಿದ್ದ ಸೋದರಮಾವ ಏಬಲ್‌ನ ಹಿಮಬಂಡಿ ಊರಿಗೆ ಬಂತು. ಹಿಂದೆ ಅಮ್ಮ ಕೂತಿದ್ದಳು. ಅದರ ಹಿಂದೆ ಎಳೆದು ತಂದ ಜಾರುಗಾಡಿಯ ಮೇಲೆ ಕ್ಯಾನ್ವಾಸ್ ಸುತ್ತಿ ಬಿಗಿದ ಉದ್ದನೆಯ ಗಂಟು.

ಮಿನ್ನಿ ಓಡಿ ಹೋಗಿ ಗಂಟಿನ ಮೇಲೆ ಕೈಯಿಟ್ಟಳು. ಕೇಳುವುದೇನಿತ್ತು?

"ನಿದ್ದೇಲೇ ಹೋದ," ಎಂದಳು ಅಮ್ಮ. "ನೋವಾಗ್ಲಿಲ್ಲ."

ಮಣ್ಣು ಕಲ್ಲಾಗಿತ್ತು. ಗುಂಡಿ ತೋಡಲು ಗಂಡಸರು ಬೆಂಕಿ ಹಾಕಿ ನೆಲ ಕರಗಿಸಬೇಕಾಯಿತು. ಎಲ್ಲ ಮುಗಿದ ಮೇಲೆ ತಾಯಿ ಮಗಳು ಒಲೆಯ ಮುಂದೆ ಕೂತರು.

"ಅಮ್ಮಾ... ಅಪ್ಪ ನನ್ನ ಶಪಿಸ್ತಾ ಹೋದ್ನಾ? ಆಣೆ ಮಾಡಿ ಪೆಟ್ಟಿಗೆ ತರ್ಲಿಲ್ಲ. ಹುಟ್ಟು ಎತ್ತಿ ಎತ್ತಿ ಕರೆದ, ಆ ಪಾಪಿ ಇಳಿಸ್ಲಿಲ್ಲ..."

ಕ್ಲಾರಾ ತಲೆಯೆತ್ತಿ ಮಗಳನ್ನು ನೋಡಿದಳು.

"ಕರೆದ್ನಾ? ಹುಟ್ಟು ನೆಟ್ಟಗೆ ಹಿಡಿದ್ರೆ ಬಾ ಅಂತ. ಅಡ್ಡ ಹಿಡಿದ್ರೆ ಬರಬೇಡ ಅಂತ ಕಣೇ! ಹಿಂದಿನ ರಾತ್ರಿ ಸರೋವರ ಹೆಪ್ಪುಗಟ್ಟಿತ್ತು. ಗಾಜಿನ ಹಾಗೆ. ಮೇಲಿಂದ ಅದು ನೀರೇ ಅನ್ನಿಸುತ್ತೆ. ಇಳಿದಿದ್ರೆ ವಿಮಾನದ ಹೊಟ್ಟೆ ಸೀಳಿ ಇಬ್ರೂ ನಮ್ಮ ಕಣ್ಣೆದುರಿಗೇ ಹೋಗ್ತಿದ್ರಿ. ನಿಮ್ಮಪ್ಪ ಬೆಳಿಗ್ಗೆಯಿಂದ ಹುಟ್ಟು ಹಿಡ್ಕೊಂಡು ಚಳೀಲಿ ನಿಂತಿದ್ದ."

ಕ್ಲಾರಾ ಒಲೆಗೆ ಒಂದು ಕೊರಡು ತುರುಕಿದಳು.

"ವಿಮಾನ ತಿರುಗಿದಾಗ ಏನು ಕುಣಿದ ಅಂತೀಯಾ! 'ಹುಡುಗ ಸನ್ನೆ ಓದ್ಕೊಂಡ ಕಣೇ, ನಾನ್ ಕಲಿಸಿದ್ದು!' ಅಂದ."

"ಮತ...?"

"'ನನ್ನ ಕೇಳೋಕೆ ಇಷ್ಟು ದೂರ ಬಂದ್ರಲ್ಲ' ಅಂದ. ಸರೋವರದ ಕಡೆ ತಿರುಗಿ ಬೇಡ ಅಂತ ಕೂಗಿದ. ಬೆಟ್ಟ ಮೂರು ಸಲ ತಿರುಗಿ ಹೇಳ್ತು. 'ನೋಡು, ನಂದು ನಾಲ್ಕು ಮತ' ಅಂತ ರಾತ್ರಿಯೆಲ್ಲ ನಕ್ಕ."

ಅಮ್ಮ ನಗುತ್ತ ನಗುತ್ತ ಅತ್ತಳು. ಮಿನ್ನಿಗೆ ಎರಡೂ ಆಗಲಿಲ್ಲ.

ಅಪ್ಪನ ಸನ್ನೆ! ಹೆತ್ತ ಮಗಳಿಗೆ ಓದಲು ಬರಲಿಲ್ಲ. ಜೆರ್ವೆಗೆ ಬಂದಿತ್ತು. ಬಾಯಿ ತೆರೆದವನ ಬಾಯಿಯನ್ನು ಅವಳೇ ಮುಚ್ಚಿಸಿದ್ದಳು.

ಎರಡನೇ ದಿನ ಏಬಲ್ ಮಾವ ಅವಳನ್ನು ಜೆರ್ವೆಯ ಊರಾದ ಗಣಿ ಪಟ್ಟಣದ ಆಚೆಯ ವಿಮಾನ ನಿಲ್ದಾಣಕ್ಕೆ ಬಿಟ್ಟ. ಜೆರ್ವೆ ವಿಮಾನದ ಕೆಳಗೆ ಮಲಗಿ ಚಳಿಗಾಲದ ಜಾರುಹಲಗೆ ಜೋಡಿಸುತ್ತಿದ್ದ. ಬಾಗಿಲಿನ ನೀಲಿ ಬಾವುಟ ಹಾಗೇ ಇತ್ತು. ಅವನು ಮಾತ್ರ ಸೊರಗಿಹೋಗಿದ್ದ.

"ಜೆರ್ವೆ."

ಅವನು ಎದ್ದು ನಿಂತ. ಕೈಯ ಗ್ರೀಸನ್ನು ಸುಮ್ಮನೆ ಒರೆಸುತ್ತಲೇ ಇದ್ದ.

"ಅಪ್ಪ ಹೋದ."

ಅವನ ಕೈ ನಿಂತಿತು. ಟೋಪಿ ತೆಗೆದ.

"ಯಾವಾಗ? ನಂಗೆ ಯಾಕೆ ಯಾರೂ..." ಅಲ್ಲಿಗೇ ಮಾತು ಮುರಿಯಿತು. ಅವನ ಪಾಲಿಗೂ ಅಪ್ಪನೇ ಹೋಗಿದ್ದ.

"ಅಮ್ಮ ಎಲ್ಲ ಹೇಳಿದ್ಲು. ಹುಟ್ಟಿನ ಸನ್ನೆ ನಂಗೆ ಗೊತ್ತಿರ್ಲಿಲ್ಲ. ನೀನು ಯಾಕೆ ಕೂಗಿ ಹೇಳ್ಲಿಲ್ಲ? ನನ್ನ ಕೆನ್ನೆಗೆ ಬಾರಿಸಿಯಾದ್ರೂ ಹೇಳ್ಬಾರ್ದಿತ್ತಾ?"

"ನಿನ್ನ ಕಣ್ಣಲ್ಲಿ ನಾನು ಕಳ್ಳ ಆಗಿದ್ದೆ. ಕಳ್ಳನ ಮಾತು ಯಾರು ನಂಬ್ತಾರೆ?" ಅವನು ತಲೆ ತಗ್ಗಿಸಿದ. "ಕೋಪಾನೂ ಬಂದಿತ್ತು. ಸುಳ್ಯಾಕೆ ಹೇಳ್ಲಿ."

"ತಪ್ಪಾಯ್ತು ಜೆರ್ವೆ... ದೊಡ್ಡ ತಪ್ಪಾಯ್ತು."

ಗಾಳಿ ಬೀಸಿತು.

"ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ," ಎಂದ ಅವನು. "ನಾನು ಹೌದು ಅಂತಾನೇ ಹಾಕಿದ್ದು. ಇನ್ನೊಂದ್ಸಲ ಬಂದ್ರೂ ಅದನ್ನೇ ಹಾಕ್ತೀನಿ. ನಾವು ಸೋತ ರಾತ್ರಿ ನಮ್ಮಮ್ಮ ಅತ್ತಿದ್ದು ನಾನು ಮರೆಯಲ್ಲ."

"ನಾನು ಬೇಡ ಅಂತಾನೇ ಹಾಕ್ತೀನಿ. ಸಾಯೋವರೆಗೂ."

"ಹಂಗಾದ್ರೆ ನಾಳೆ ನಮಗೊಂದು ಮಗು ಆದ್ರೆ ಅದು ಯಾವ ದೇಶದ್ದು?"

ಅವಳು ಅವನ ಒಡೆದ ಬೆರಳುಗಳನ್ನು ನೋಡಿದಳು.

"ಗೊತ್ತಿಲ್ಲ. ದೊಡ್ಡದಾಗ್ಲಿ, ಅದನ್ನೇ ಕೇಳೋಣ. ಮೊದ್ಲು ಕೇಳೋಣ, ಆಮೇಲೆ ಮಾಡೋಣ."

ಅವನು ಉಸಿರೆಳೆದುಕೊಂಡ. "ನಿನ್ನ ಕೇಳ್ಲಾ ಮತ್ತೆ?"

"ಕೇಳು."

"ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ." ದನಿ ಒಡೆಯಿತು. "ಅಮ್ಮ ನಿನ್ನ ಕರ್ಕೊಂಡು ಬಾ ಅಂದಿದಾಳೆ. ಮಂಜುಗಡ್ಡೆ ಕೆಳಗೆ ಮೀನಿಗೆ ಬಲೆ ಹಾಕೋಕೆ ಮನೇಲಿ ಯಾರೂ ಇಲ್ಲ ಜೆರ್ವೆ... ಯಾರೂ ಇಲ್ಲ..."

ಮಣ್ಣು ಮಾಡಿದ ದಿನ ಬಾರದ ಅಳು ಈಗ ಬಂತು. ಪೆಟ್ರೋಲ್ ನಾತದ ಅವನ ಕೋಟಿನೊಳಗೆ ಮುಖ ಹುದುಗಿಸಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣೀರು ಅವಳ ನೆತ್ತಿಗೆ ತೊಟ್ಟಿಕ್ಕಿತು.

"ಹೆಪ್ಪುಗಟ್ಟೋ ಚಳಿ ಮಿನ್ನಿ. ಒಳಗೆ ಬಾ."

"ಬರ್ತೀನಿ. ಇನ್ನೊಂಚೂರು ಹೀಗೇ ನಿಂತ್ಕೋ."

"ನಿಂತಿದೀನಿ ಕಣೇ. ಅಳು."