ಕುಸುಬಿ ಎಣ್ಣೆ ನಾರುವ ವರ

ಬೆವರುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಎಣ್ಣೆ ಬಳಿದುಕೊಂಡು ಬೆವರುವವರನ್ನು ಕಂಡರಂತೂ ಆ ದಿನ ಊಟ ಸೇರುವುದಿಲ್ಲ. ಅಂಥವಳನ್ನು ನೋಡಲು ವರನೆಂದು ಬಂದವನು ಕತ್ತಿನಿಂದ ಕಾಲಿನವರೆಗೆ ಕುಸುಬಿ ಎಣ್ಣೆ ನಾರುತ್ತಿದ್ದ. ಥೂ! ನೆನೆಸಿಕೊಂಡರೆ ಈಗಲೂ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಅವನನ್ನು ನಾನು ಮೊದಲು ಕಂಡದ್ದು ಶಹಾಬಾದ್ ಟೇಶನ್ನಿನಲ್ಲಿ. ಪಕ್ಕದ ಭಂಕೂರದಲ್ಲಿ ದೊಡ್ಡಪ್ಪನ ಮಗಳ ಮದುವೆ ಮುಗಿಸಿಕೊಂಡು ನಾವು ಸೇಡಂಗೆ ಹೊರಟಿದ್ದೆವು. ನಾವೆಂದರೆ ಅಪ್ಪ, ಅಕ್ಕ, ನಾನು. ಅಪ್ಪ ಬಸವಂತರಾಯರಿಗೆ ಸೇಡಂನಲ್ಲಿ ತೊಗರಿ ವ್ಯಾಪಾರ. ಅಕ್ಕ ಲಲಿತಾಬಾಯಿ ಗಂಡನ ಮನೆ ಬಿಟ್ಟು ಬಂದವಳು. ಅವಳ ಗಂಡ ಬೆಳಗಾಗುವುದರೊಳಗೆ ಈಚಲು ಸೇಂದಿಯ ಅಂಗಡಿಯಲ್ಲಿರುತ್ತಿದ್ದ. ಕುಡಿದು ಕುಡಿದು ಹೊಲ ಕಳೆದ, ಕೊನೆಗೆ ಇವಳ ಮೇಲೆ ಕೈ ಎತ್ತಿದ. ಅವ್ವ ಇಲ್ಲದ ನಮ್ಮ ಮನೆಯಲ್ಲಿ ಈಗ ಅಡುಗೆಮನೆ ಅವಳದು, ಮಾತು ನನ್ನದು.

ನಮ್ಮನ್ನು ರೈಲು ಹತ್ತಿಸಲು ಮದುವೆಮನೆಯವರು ಕಲ್ಯಾಣಪ್ಪ ಎಂಬವನನ್ನು ಕಳಿಸಿದ್ದರು. ನೆಲಕ್ಕೆ ಹಾಸುವ ಫರ್ಸಿಕಲ್ಲು ಮಾರುವ ಶಹಾಬಾದಿನ ಸಾಹುಕಾರರ ಬಳಿ ಕಾರಕೂನ. ಇಡೀ ದಿನ ಗಾದಿಯ ಮೇಲೆ ಕೂತು ಉರ್ದುವಿನಲ್ಲಿ ಲೆಕ್ಕ ಬರೆಯುವ ಕೆಲಸ. ಕೂತವನ ಹೊಟ್ಟೆ ಕೂತಲ್ಲೇ ಬೆಳೆದಿತ್ತು.

"ತಡೀರಿ, ಟ್ರಂಕ್ ನಾ ಎತ್ತತೀನಿ," ಎಂದ.

ಎತ್ತಿದ. ಮೊಣಕಾಲಿನವರೆಗೆ ಬಂತು. ಮುಖ ಕೆಂಪಗಾಯಿತು, ಮೂಗಿನಿಂದ ಸೀಟಿ ಬಂತು, ಟ್ರಂಕು ನನ್ನ ಕಾಲಿನ ಮೇಲೆ ಬಿತ್ತು.

"ಯವ್ವಾ! ಜ್ವಾಳದ ಚೀಲಕ್ಕ ಕೋಟ್ ಹಾಕಿದಂಗ ಅದೀರಿ. ಚೀಲ ಎಲ್ಲರೆ ಟ್ರಂಕ್ ಎತ್ತತದೇನ್ರಿ? ಸರೀರಿ ಅತ್ತಾಗ!" ಎಂದು ನಾನೇ ಎತ್ತಿ ಡಬ್ಬಿಯೊಳಗೆ ದಬ್ಬಿದೆ.

ಬೇರೆ ಯಾರಾದರೂ ಆಗಿದ್ದರೆ ಉರಿದು ಬೀಳುತ್ತಿದ್ದರು. ಇವನು ನಕ್ಕ. "ಖರೆ ಹೇಳಿದ್ರಿ," ಎಂದ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ರೈಲು ಹೊರಟ ಮೇಲೂ ಅಲ್ಲೇ ನಿಂತು ನಮ್ಮ ಕಿಟಕಿಯನ್ನೇ ನೋಡುತ್ತಿದ್ದ. ಎಂಜಿನ್ನಿನ ಹೊಗೆ ಕಣ್ಣಿಗೆ ಬಿದ್ದರೂ ನಾನು ಒಳಗೆ ಸರಿಯಲಿಲ್ಲ. ವಾಡಿಯಲ್ಲಿ ರೈಲು ಬದಲಿಸುವಾಗ ಅಕ್ಕ, "ಯಾಕ ಗುರುದೇವಿ, ಸುಮ್ಮ ಕುಂತಿ?" ಎಂದಳು. ಕಾಲು ನೋಯುತ್ತಿದೆ ಎಂದೆ.

ಶ್ರಾವಣ ಕಳೆದ ಮೇಲೆ ಅವನ ಸೋದರಮಾವ ದೇವಿಂದ್ರಪ್ಪನವರಿಂದ ಹೇಳಿಕೆ ಬಂತು. ಹುಡುಗನನ್ನು ಕರೆದುಕೊಂಡು ಬರುತ್ತೇವೆ, ಹೆಣ್ಣು ತೋರಿಸಿ ಎಂದು. ನಾನು ಹೇಳಿಕೆ ಕೇಳಿ ಮುಖ ಸಿಂಡರಿಸಿದೆ. ಆಮೇಲೆ ಕೋಣೆಗೆ ಹೋಗಿ ಇಳಕಲ್ ಸೀರೆ ಬಿಸಿಲಿಗೆ ಹಾಕಿದೆ.

ಅಪ್ಪನದು ಒಂದು ರೂಢಿ. ವರನ ಹೊಲ ಎಷ್ಟು, ಮನೆ ಎಷ್ಟು ಕೇಳುತ್ತಿರಲಿಲ್ಲ. ಹಿಂದಿನ ಸಂಜೆಯೇ ಕರೆಸಿಕೊಂಡು, ಬೆಳಿಗ್ಗೆ ತಮ್ಮ ಜೊತೆ ಲಿಂಗಪೂಜೆಗೆ ಕೂಡಿಸಿಕೊಂಡು, ಲಿಂಗ ಹಿಡಿದ ಅವನ ಎಡ ಅಂಗೈಯನ್ನು ನೋಡುತ್ತಿದ್ದರು. ಅಕ್ಕನನ್ನು ನೋಡಲು ಬಂದವನ ಕೈ ಪೂಜೆಯಲ್ಲಿ ನಡುಗಿತ್ತು. ಚಳಿ ಇರಬೇಕೆಂದು ಅಪ್ಪ ಸುಮ್ಮನಾದರು. ಚಳಿಯಲ್ಲ, ಸೇಂದಿ ಎಂದು ತಿಳಿಯುವಷ್ಟರಲ್ಲಿ ಮದುವೆ ಆಗಿಹೋಗಿತ್ತು. ಆಮೇಲೆ ನನಗೆ ಬಂದ ವರಗಳಲ್ಲಿ ಯಾರ ಅಂಗೈಯ ಲಿಂಗ ಚೂರು ಅಲುಗಿದರೂ ಅಪ್ಪ ಅವರಿಗೆ ಮಧ್ಯಾಹ್ನದ ರೈಲು ತೋರಿಸುತ್ತಿದ್ದರು. ಕೈ ಗಟ್ಟಿ ನಿಂತವರನ್ನು ನಾನು ಒಲ್ಲೆನೆನ್ನುತ್ತಿದ್ದೆ. ಹೀಗಾಗಿ ನನ್ನ ಮದುವೆ ಸೇಡಂ ಪೇಟೆಯ ಮಾತಾಗಿತ್ತು.

ಬಂದರು. ಗಾಡಿಯಿಂದ ದೇವಿಂದ್ರಪ್ಪನವರು ಟಣ್ಣನೆ ಇಳಿದರು. ಕಲ್ಯಾಣಪ್ಪ ಮಾತ್ರ ಬೆನ್ನು ಮುಂದೆ ಮಾಡಿ, ಗಾಲಿ ಹಿಡಿದುಕೊಂಡು, ಒಂದೊಂದೇ ಕಾಲನ್ನು ಕೆಳಗೆ ಬಿಟ್ಟು ಇಳಿದ. ಕಾಲು ಅಗಲಿಸಿಕೊಂಡು, ಈಗಷ್ಟೇ ನಡೆಯಲು ಕಲಿತ ಎಮ್ಮೆಕರುವಿನ ಹಾಗೆ ಅಂಗಳ ದಾಟಿದ. ಜೊತೆಗೆ ಆ ವಾಸನೆ! ಕುಸುಬಿ ಎಣ್ಣೆ, ಅದರೊಳಗೆ ಕರ್ಪೂರ, ಅದರ ಮೇಲೆ ರೈಲಿನ ಬೆವರು. ನಮ್ಮ ಪಡಸಾಲೆ ಗಾಣದ ಮನೆಯಾಯಿತು.

ಊಟಕ್ಕೆ ಕೂತಾಗ ಇನ್ನೂ ಹೇಸಿಗೆ. ಕೈ ಬಾಯಿಯವರೆಗೆ ಬರುತ್ತಿರಲಿಲ್ಲ. ಬಾಯಿಯೇ ತಾಟಿನ ಹತ್ತಿರ ಹೋಗುತ್ತಿತ್ತು. ಕುತ್ತಿಗೆ ಚಾಚಿ ರೊಟ್ಟಿ ತಿನ್ನುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಪಲ್ಯ ಬಡಿಸಲು ಬಗ್ಗಿದಾಗ ಅವನು ಕಣ್ಣೆತ್ತಿ ನನ್ನನ್ನು ನೋಡಿದ. ನಾಚಿಕೆ, ನೋವು, ಆ ಎಡಗೆನ್ನೆಯ ಗುಳಿ ಎಲ್ಲ ಒಟ್ಟಿಗೇ ಬಂತು. ನಾನು ಸೌಟು ತಾಟಿಗೆ ಕುಟ್ಟಿ ಒಳಗೆ ಹೋದೆ. ಹೋಗಿ ಕದದ ಸಂದಿಯಿಂದ ನೋಡಿದೆ. ನನಗೇ ನನ್ನ ಮೇಲೆ ಅಸಹ್ಯವಾಯಿತು.

ಬೆಳಿಗ್ಗೆ ಪೂಜೆ. ಅಪ್ಪ, ದೇವಿಂದ್ರಪ್ಪನವರು, ಅವನು, ಮೂವರೂ ವಿಭೂತಿ ಹಚ್ಚಿಕೊಂಡು ಸಾಲಾಗಿ ಕೂತರು. ಅವನು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿದ. ಶಿವನೇ, ನಡುಗಬಾರದು ಎಂದು ನಾನು ಕದ ಹಿಡಿದು ನಿಂತಿದ್ದೆ. ಮೊದಲು ಬೆರಳು ಅಲುಗಿತು. ಆಮೇಲೆ ಮುಂಗೈ. ಆಮೇಲೆ ಇಡೀ ತೋಳು ಥರಥರ. ಬಲಗೈಯಿಂದ ಕೆಳಗೆ ಆಸರೆ ಕೊಡಲು ಹೋದ, ಅದೂ ನಡುಗಿತು. ಅಪ್ಪ ನೋಡಿದರು. ಕಣ್ಣು ಮುಚ್ಚಿಕೊಂಡರು.

ಪೂಜೆ ಮುಗಿದ ಮೇಲೆ ಅಪ್ಪ ದೇವಿಂದ್ರಪ್ಪನವರಿಗೆ, "ಈ ಸಂಬಂಧ ನಮಗ ಕೂಡಂಗಿಲ್ಲ ಬೀಗರ. ಸಿಟ್ಟಾಗಬ್ಯಾಡ್ರಿ. ಮಧ್ಯಾಹ್ನಕ್ಕ ರೈಲ್ ಅದ," ಎಂದರು. ಕಾರಣ ಹೇಳಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕುಡುಕ! ಆ ಗುಳಿಗೆ ಮರುಳಾಗಿ ಸೀರೆ ಬಿಸಿಲಿಗೆ ಹಾಕಿದೆನಲ್ಲ! ಕೊಡ ಎತ್ತಿಕೊಂಡು ಹಿತ್ತಲ ಬಾವಿಗೆ ಹೋದರೆ ಅಲ್ಲಿ ಈ ಮಹಾಶಯ. ಬಾವಿಕಟ್ಟೆಯಿಂದ ಕೆಳಗಿಳಿಯಲಾರದೆ, ಮಕ್ಕಳ ಹಾಗೆ ಕುಂಡೆ ಊರಿ ಜಾರುತ್ತಿದ್ದ.

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಲಿಂಗ ಹಿಡಿಯೋ ಕೈಯಾಗ ಸೇಂದಿ ಗಡಿಗಿ ಹಿಡಿತೀರಿ?"

"ಸೇಂದಿ? ಯಾರು ಕುಡದಾರ?"

"ನೀವ. ಮತ್ಯಾರು, ನಮ್ಮ ಎಮ್ಮಿ ಕುಡದದೇನು?"

ಅವನು ಬಾಯಿ ಬಿಟ್ಟುಕೊಂಡು ನೋಡಿದ. "ಅದಕ್ಕ ಏನು ಒಲ್ಲೆ ಅಂದ್ರು? ದಪ್ಪ ಅದೀನಿ ಅಂತ ಒಲ್ಲೆ ಅಂದಾರ ಅಂತ ತಿಳಕೊಂಡಿದ್ದೆ."

"ಮತ್ತ ಕೈ ಯಾಕ ನಡುಗತು?"

"ನೀವು ನಗ್ತೀರಿ."

"ನಾ ನಗೋ ಪೈಕಿ ಅಲ್ಲ. ಹೇಳ್ರಿ."

ಕಿವಿಯವರೆಗೆ ಕೆಂಪಾದ. ಕಟ್ಟೆಯ ಕಲ್ಲನ್ನು ನೋಡುತ್ತ ಹೇಳಿದ. "ಸಣ್ಣಾಂವ ಇದ್ದಾಗ ಮಜೀದಸಾಬರ ತಾಲೀಮಿನಾಗ ಕುಸ್ತಿ ಆಡ್ತಿದ್ದೆ. ಕಾರಕೂನಕಿ ಸಿಕ್ಕ ಮ್ಯಾಲ ಆ ಬಾಗಲಾ ತುಳದಿಲ್ಲ. ಭಾಳ ವರ್ಷ ಆದ್ವು. ನೀವು ಟೇಶನ್ನಾಗ ಚೀಲ ಅಂದ್ರಲ್ಲ... ನಿಮ್ಮ ಮನಿಗೆ ಚೀಲ ಆಗಿ ಬರಬಾರ್ದು ಅಂತ ಮೊನ್ನಿ ಹೋದೆ. 'ಮೆಲ್ಲಕ ಬೇಟಾ, ಮೈಗೆ ಕುಸ್ತಿ ಮರತದ' ಅಂದ್ರು ಉಸ್ತಾದರು. ನಾ ಕೇಳಲಿಲ್ಲ. ಬೈಠಕ್ ಹೊಡದೆ, ದಂಡ ಹೊಡದೆ. ಅವತ್ತು ಏನೂ ಆಗಲಿಲ್ಲ, ಹುಲಿಯಂಗ ಮನಿಗೆ ಬಂದೆ. ಮರುದಿನ ಏಳಾಕ ಹೋದ್ರ ಕಾಲು ನನ್ನವಲ್ಲ, ಕೈ ನನ್ನವಲ್ಲ. ಅವ್ವ ಕುಸುಬಿ ಎಣ್ಣಿ ಕಾಸಿ ತಿಕ್ಕಿದಳು. ಇವತ್ತು ಇನ್ನಾ ಜಾಸ್ತಿ ಆಗ್ಯಾದ."

"ಕೈ ಎತ್ರಿ ನೋಡಾಮ."

ಎತ್ತಿದ. ಭುಜದ ಹತ್ತಿರ ಬಂದು ನಿಂತಿತು. "ಯಪ್ಪಾ!" ಎಂದ. ಕಣ್ಣಲ್ಲಿ ನೀರು.

"ಹುಚ್ಚರೇನ್ರಿ ನೀವು? ಒಂದ ದಿನದಾಗ ತೆಳ್ಳಗಾಗ್ತಾರೇನು?"

"ತೆಳ್ಳಗಾಗಾಕ ಅಲ್ರಿ. ನಿಮ್ಮ ಟ್ರಂಕ್ ಎತ್ತೋ ಹಂಗಾದ್ರ ಸಾಕಿತ್ತು."

ಏನು ಹೇಳಲಿ? ಮೈ ಉರಿಯಿತು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಇವನು ಮಧ್ಯಾಹ್ನದ ರೈಲು ಹತ್ತಿದರೆ ನಾನು ಇನ್ನು ಯಾರನ್ನೂ ಒಪ್ಪಲಾರೆ ಎಂದು ಆ ಬಾವಿಕಟ್ಟೆಯ ಬಳಿ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಎಣ್ಣೆ ವಾಸನೆಗೆ ಮೂಗಿಗೆ ಸೆರಗು ಹಿಡಿದಿರುವಾಗಲೇ ಗೊತ್ತಾಯಿತು, ನನ್ನ ಕರ್ಮ.

"ಅಪ್ಪಗ ಹೇಳ್ರಿ," ಎಂದೆ.

"ಬ್ಯಾಡ್ರಿ. ಹೆಣ್ಣಿನ ಒಂದ ಮಾತಿಗೆ ಬೈಠಕ್ ಹೊಡದ ಅಂತ ಮಾವ ಊರ ತುಂಬ ಸಾರತಾನ. ನಾ ಹೋಗತೀನಿ, ಬಿಡ್ರಿ."

"ಹೋಗ್ರಿ! ಸೇಡಂದಿಂದ ಶಹಾಬಾದ್ ತನಕ ಕುಡುಕ ಅನ್ನಿಸಿಕೊಂಡು ಹೋಗ್ರಿ!" ಎಂದು ಕೊಡ ಅಲ್ಲೇ ಬಿಟ್ಟು ಒಳಗೆ ನಡೆದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿದೆ. "ಹೋಗಬ್ಯಾಡ್ರಿ," ಎಂದೆ. ದನಿ ನನ್ನದಲ್ಲ ಎನ್ನುವ ಹಾಗಿತ್ತು.

ಪಡಸಾಲೆಯಲ್ಲಿ ದೇವಿಂದ್ರಪ್ಪನವರು ಹಾಸಿಗೆ ಸುತ್ತುತ್ತಿದ್ದರು. ಹಿರಿಯ ಗಂಡಸರ ಎದುರು ಮದುವೆಯಾಗದ ಹುಡುಗಿ ತನ್ನ ಮದುವೆಯ ಮಾತೆತ್ತುವುದೇ ತಪ್ಪು. ನಾನು ಬಂದೆ, ನಿಂತೆ, ಎಲ್ಲ ಹೇಳಿದೆ. ಟೇಶನ್ನು, ಚೀಲ, ಬೈಠಕ್, ಕುಸುಬಿ ಎಣ್ಣೆ, ಒಂದನ್ನೂ ಬಿಡಲಿಲ್ಲ. ಹಿಂದಿನಿಂದ ಗೋಡೆ ಹಿಡಿದುಕೊಂಡು ಕಲ್ಯಾಣಪ್ಪ ಬಂದ. ತಲೆ ತಗ್ಗಿಸಿ ನಿಂತ.

ಅಪ್ಪ ನಂಬಲಿಲ್ಲ. "ಒಳಗ ನಡಿ ಗುರುದೇವಿ. ಕುಡುಕರಿಗೆ ಕಥಿ ಕಟ್ಟೂದು ಕಲಸಬೇಕೇನು? ನಿಮ್ಮ ಅಕ್ಕನ ಗಂಡನೂ ದಿನಕ್ಕೊಂದು ಕಥಿ ಹೇಳತಿದ್ದ. ನಾ ನಂಬಿ ನಂಬಿ ಮಗಳ ಬಾಳೇವು ಹಾಳ ಮಾಡೀನಿ. ಇನ್ನೊಮ್ಮಿ ಮಾಡಂಗಿಲ್ಲ."

ಅಪ್ಪನ ದನಿ ಒಡೆಯಿತು.

ಆಗ ಅಡುಗೆಮನೆಯಿಂದ ಅಕ್ಕ ಹೊರಗೆ ಬಂದಳು. ಗಂಡನ ಮನೆ ಬಿಟ್ಟ ಮೇಲೆ ಅವಳು ಮನೆಗೆ ಬಂದ ಗಂಡಸರ ಎದುರು ಪಡಸಾಲೆಗೆ ಬಂದದ್ದನ್ನೇ ನಾನು ಕಂಡಿರಲಿಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡು, ಒಂದು ಮಣೆ ತಂದು ಅವನ ಮುಂದೆ ಇಟ್ಟಳು.

"ಕುಂದ್ರಿ," ಎಂದಳು.

ಅವನು ಮಣೆಯನ್ನು ನೋಡಿದ. ಹುಲಿಯ ಗವಿ ನೋಡಿದವನ ಹಾಗೆ ನೋಡಿದ. ತುಟಿ ಕಚ್ಚಿದ. ಗೋಡೆಗೆ ಅಂಗೈ ಒತ್ತಿ, ಚೂರು ಬಗ್ಗಿ, ನಿಂತು, ಉಸಿರು ಬಿಟ್ಟು, ಮತ್ತೆ ಚೂರು ಬಗ್ಗಿ, "ಶಿವ ಶಿವಾ" ಎನ್ನುತ್ತ ಅಂತೂ ಕೂತ. ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು.

ಅಕ್ಕ ಅಪ್ಪನ ಕಡೆ ತಿರುಗಿದಳು. "ಕುಡುಕ ಕುಂದ್ರಾಕ ಅಂಜಂಗಿಲ್ಲಪ್ಪಾ. ಮಣಿ ಅದನೋ ಕೆಂಡ ಅದನೋ ಅವಂಗ ಗೊತ್ತಾಗಂಗಿಲ್ಲ, ದೊಪ್ಪಂತ ಬೀಳತಾನ. ನೋವಾದ್ರ ನಮಗ ಆಗತದ, ಅವಂಗಲ್ಲ. ಅಂಥಾವನ ಜೊತಿ ನಾ ಸಂಸಾರ ಮಾಡೀನಿ. ನನಗ ತಿಳಿಯಂಗಿಲ್ಲೇನು? ಇವರಿಗೆ ಆಗಿದ್ದು ಬರೇ ಮೈಕೈ ನೋವು. ತಂಗೀನ ಕೊಡ್ರಿ."

ಅಪ್ಪ ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದರು. ಹೆಗಲ ಶಲ್ಯದಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು.

"ನಿನಗ ಬೇಕೇನವ್ವಾ ಇವರು?"

"ನಾರತಾರ," ಎಂದೆ. "ಉಣ್ಣೂದು ನೋಡಿದ್ರ ಹೇಸಿಗಿ ಬರತದ. ನಡಿಗಿ ಅಂತೂ ಕೇಳಬ್ಯಾಡ್ರಿ."

"ಅಂದ್ರ ಬ್ಯಾಡ?"

"ಬ್ಯಾಡ ಅಂತ ಯಾರಂದ್ರು? ಬೇಕು. ಇವರೇ ಬೇಕು ನನಗ."

ದೇವಿಂದ್ರಪ್ಪನವರು ಸುತ್ತಿದ ಹಾಸಿಗೆಯ ಮೇಲೆಯೇ ಕೂತು ಹೊಟ್ಟೆ ಹಿಡಿದು ನಗತೊಡಗಿದರು. "ಏ ಪೈಲ್ವಾನ, ಮಾವಗ ಶರಣು ಮಾಡೋ!" ಎಂದರು.

ಅವನು ಮಣೆಯಿಂದ ಹಾಗೆಯೇ ಮುಂದೆ ಬಾಗಿ ಅಪ್ಪನ ಪಾದಕ್ಕೆ ಹಣೆ ಹಚ್ಚಿದ. ಅಪ್ಪ ತಲೆಯ ಮೇಲೆ ಕೈ ಇಟ್ಟರು. ಇಟ್ಟ ಕೈ ತೆಗೆದರು. ಅವನು ಏಳಲಿಲ್ಲ. ಭಕ್ತಿ ಜಾಸ್ತಿಯಾಯಿತೆಂದು ಅಪ್ಪ ಕಾದರು. ಆಮೇಲೆ ಕೆಳಗಿನಿಂದ ಸಣ್ಣ ದನಿ ಬಂತು: "ಏಳಾಕ ಆಗವಲ್ದು."

ದೇವಿಂದ್ರಪ್ಪನವರಿಗೆ ನಗುವಿನಲ್ಲಿ ಎಬ್ಬಿಸಲಾಗಲಿಲ್ಲ. ಅಪ್ಪನಿಗೆ ಸೊಂಟ ಬಗ್ಗುವುದಿಲ್ಲ. ಅಕ್ಕ ನನ್ನ ಬೆನ್ನು ತಿವಿದಳು.

ನಾನು ಹೋಗಿ ಕೈ ಚಾಚಿದೆ. ಅವನು ತಲೆ ಎತ್ತಿ ನೋಡಿ, ಹಿಡಿದುಕೊಂಡ. ಎಳೆದೆ. ಎರಡು ಸಲ "ಯವ್ವಾ" ಎಂದು, ಮೂರನೆಯ ಸಲಕ್ಕೆ ಎದ್ದು ನಿಂತ. ಅವನ ಅಂಗೈ ಇನ್ನೂ ನಡುಗುತ್ತಿತ್ತು. ಬೆವರು ಬೇರೆ, ಎಣ್ಣೆ ಬೇರೆ. ಅಂಟಂಟಾಗಿ, ಬೆಚ್ಚಗೆ, ನನ್ನ ಮೈಯೆಲ್ಲ ಹೇಸಿಗೆಯಿಂದ ಜುಂ ಎಂದಿತು.

ಬಿಡಲಿಲ್ಲ.