ಎದೆಯ ನಟ್ಟನಡುವಿನ ಸೂರ್ಯ

ಬಹಳ ಹಿಂದೆ, ಮೋಡಗಳು ಮನೆಯ ಮಾಡಿಗೆ ತಾಗಿಕೊಂಡೇ ಹೋಗುತ್ತಿದ್ದ ಕಾಲದಲ್ಲಿ, ನೂಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಕಸೂತಿಗಾರ್ತಿ ಸೂಗವ್ವನ ಬಳಿ ಮಾತಾಡುವ ಕಸೂತಿ ಮಷೀನೊಂದಿತ್ತು. ಆ ಕಾಲಕ್ಕೆ ಮಷೀನು ಎಲ್ಲಿಂದ ಬಂತು ಎಂದು ಕೇಳಬೇಡಿ, ಇತ್ತು ಅಂದ ಮೇಲೆ ಇತ್ತು. ಹೆಸರು ಟಕ್ಕರಾಯ. ಹೂವು ಅಂದರೆ ಹೂವು, ನವಿಲು ಅಂದರೆ ನವಿಲು, ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿಬಿಡುತ್ತಿತ್ತು. ಆದರೆ, "ನನಗಿರುವುದು ಸೂಜಿಯ ಕಣ್ಣೊಂದೇ, ಅದರಲ್ಲೂ ದಾರ ತುಂಬಿದ್ದೀರಿ. ಜಾಗ ನೀವೇ ತೋರಿಸಿ," ಎನ್ನುತ್ತಿತ್ತು.

ಊರಾಚೆಯ ಗುಡ್ಡದಲ್ಲಿ ವಕ್ರಕೇತು ಎಂಬ ಮಾಂತ್ರಿಕನಿದ್ದ. ಸೊಂಟ ಬಳುಕಿಸಿ ಓರೆಯಾಗಿ ನಿಲ್ಲುವುದೇ ಅವನ ದೌಲತ್ತು. ತನ್ನ ನಿಲುವಂಗಿಯ ಎದೆಯ ನಟ್ಟನಡುವೆ ಚಿನ್ನದ ಸೂರ್ಯ ಕೂರಬೇಕೆಂದು ಅವನಿಗೆ ಆಸೆ. ಯಾರು ಹಾಕಿದರೂ, ಅವನು ತೊಟ್ಟ ಕೂಡಲೇ ಸೂರ್ಯ ಪಕ್ಕಕ್ಕೆ ಜಾರುತ್ತಿದ್ದ. ಹಾಕಿದವರು ಕಲ್ಲಾಗುತ್ತಿದ್ದರು. ಒಂಬತ್ತನೆಯ ಕಲ್ಲು ಸೂಗವ್ವ. ರಾಜ ಏನು ಮಾಡುತ್ತಿದ್ದ ಅಂತೀರಾ? ಮಂಚದ ಕೆಳಗೆ ಅಡಗಿ ಕೂತಿದ್ದ.

ಸೂಗವ್ವನ ಮಗಳು ಮಾಳವ್ವ ಒಂದು ದಿನವೆಲ್ಲ ಅತ್ತಳು. ಅವಳ ಕೆಲಸದ ಮೇಲೆ ಊರಿಗೆ ನಂಬಿಕೆಯಿರಲಿಲ್ಲ. ಹಿಂದಿನ ವರ್ಷ ಗೌಡರ ಅಂಗಿಯನ್ನು ನೆಲದ ಮೇಲೆ ಹಾಸಿ, ಅಳೆದು, ಎದೆಗೆಂದು ನವಿಲು ಹಾಕಿದ್ದಳು. ಗೌಡರು ತೊಟ್ಟಾಗ ನವಿಲು ಕಂಕುಳಲ್ಲಿ ಇಣುಕುತ್ತಿತ್ತು. ಅಂದಿನಿಂದ ಅವಳ ಹೆಸರೇ ಕಂಕುಳ ನವಿಲು. ಆದರೂ ಅವ್ವ ಬೇಕಲ್ಲ! ಟಕ್ಕರಾಯನನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದಳು.

"ಮೂರು ಬಟ್ಟೆ ಕೊಡುತ್ತೇನೆ," ಎಂದ ವಕ್ರಕೇತು. "ಗೆದ್ದರೆ ನಿನ್ನ ಅವ್ವ ನಿನಗೆ. ಒಂದು ನೂಲು ಆಚೀಚೆಯಾದರೆ ಹತ್ತನೆಯ ಕಲ್ಲು ನೀನು."

"ಆಗಲಿ ಸ್ವಾಮಿ," ಎಂದಳು ಮಾಳವ್ವ.

ಮೊದಲು ಒಂದು ಚೌಕದ ಕರವಸ್ತ್ರ. ನಡುವೆ ತಾವರೆ ಬೇಕು. ಮಾಳವ್ವ ಅದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ಉಗುರಿನಿಂದ ಗೀರಿದಳು. ಗೀರುಗಳು ಕೂಡಿದಲ್ಲಿ ಸೂಜಿ ಇಳಿಸಿದಳು. ಟಕ್ಕರಾಯ ಟಕಟಕ ಎಂದಿತು, ತಾವರೆ ನಡುವಿನಲ್ಲೇ ಅರಳಿತು.

ಎರಡನೆಯದು ಹಾವಿನ ರೇಷ್ಮೆ, ಅದಕ್ಕೂ ನಡುವೆ ತಾವರೆಯೇ ಬೇಕು. ಬಟ್ಟೆ ಬಿಗಿಯುವ ರಿಂಗಿನೊಳಗೆ ಇಟ್ಟರೆ ಸರಸರ ಹರಿದು ಹೊರಗೆ ಬರುತ್ತಿತ್ತು. ಮಾಳವ್ವ ಅದರ ಹಿಂದೆ ಗಂಜಿ ಹಾಕಿದ ದಪ್ಪ ಬಟ್ಟೆ ಕೊಟ್ಟು, ಸುತ್ತಲೂ ಕಚ್ಚಾ ಹೊಲಿಗೆ ಹಾಕಿದಳು. ರೇಷ್ಮೆ ಬುಸುಗುಟ್ಟಿತು, ಆಮೇಲೆ ಸುಮ್ಮನಾಯಿತು. ತಾವರೆ ಅಲ್ಲಾಡದೆ ಕೂತಿತು.

ಮೂರನೆಯದೇ ಆ ನಿಲುವಂಗಿ. ಮಾಳವ್ವ ನೆಲಕ್ಕೆ ಹಾಸಿದಳು, ಮಡಚಿದಳು, ನಡು ಹುಡುಕಿದಳು. ರಿಂಗು ಬಿಗಿಯಬೇಕು, ಅಷ್ಟರಲ್ಲಿ ಗೌಡರ ಕಂಕುಳು ಕಣ್ಮುಂದೆ ಬಂತು.

"ಅಯ್ಯೋ, ಹಾಸಿ ಅಳೆದೇ ಅಲ್ಲವೇ ಆವತ್ತು ಕೆಟ್ಟದ್ದು," ಎಂದುಕೊಂಡು ಅಂಗಿಯನ್ನು ಎತ್ತಿ ಕೊಟ್ಟಳು. "ತೊಟ್ಟುಕೊಳ್ಳಿ ಸ್ವಾಮಿ. ಮೈಮೇಲೇ ಗುರುತು ಹಾಕುತ್ತೇನೆ."

ವಕ್ರಕೇತು ತೊಟ್ಟು, ಎಂದಿನಂತೆ ಸೊಂಟ ಬಳುಕಿಸಿ ನಿಂತ. ಮಾಳವ್ವ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಅವ್ವನ ಅಂಗಡಿಯಲ್ಲಿ ಮೈಯಳತೆ ತೆಗೆಯುವಾಗ ಎಲ್ಲರಿಗೂ ಹೇಳುವ ಹಾಗೆ ಅಭ್ಯಾಸದ ಮೇಲೆ ಹೇಳಿಬಿಟ್ಟಳು:

"ನೆಟ್ಟಗೆ ನಿಲ್ಲಿ ಸ್ವಾಮಿ. ಕೈ ಕೆಳಗೆ ಬಿಡಿ. ಉಸಿರು ಬಿಡಿ."

ಹುಟ್ಟಿದಾಗಿನಿಂದ ಅವನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅಳತೆ ತೆಗೆಯುವವರ ಮುಂದೆ ಯಾರಾದರೂ ಹೇಳಿದಂತೆ ಕೇಳುತ್ತಾರೆ ನೋಡಿ, ಅವನೂ ಕೇಳಿದ. ನೆಟ್ಟಗೆ ನಿಂತ. ಅವನ ಮಾಯೆಯೆಲ್ಲ ಇದ್ದದ್ದು ಆ ಬಳುಕಿದ ಸೊಂಟದ ಮಡಿಕೆಯಲ್ಲೇ. ಮಡಿಕೆ ಬಿಚ್ಚಿತು, ಮಾಯೆ ನೆಲಕ್ಕೆ ಉದುರಿ ಹಳದಿ ಹೊಗೆಯಾಗಿ ಹಾರಿಹೋಯಿತು. ಮಾಳವ್ವ ಅದೊಂದನ್ನೂ ನೋಡದೆ ಎದೆಯ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟಳು.

ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಸೂಗವ್ವ! ಕಲ್ಲಾಗಿದ್ದ ಒಂಬತ್ತು ಮಂದಿಯೂ ಮೈ ಕೊಡವಿಕೊಂಡು ಎದ್ದರು.

ಸೂಗವ್ವ ನೇರ ಆ ಚುಕ್ಕೆಯ ಹತ್ತಿರ ಬಂದು ಬಗ್ಗಿ ನೋಡಿದಳು. "ಯಾರು ಹಾಕಿದ್ದು?"

"ನಾನೇ ಅವ್ವ."

"ಸರಿಯಾಗಿದೆ. ಮಷೀನು ಓಡಿಸು."

ಅಷ್ಟು ಹೊತ್ತು ಗಟ್ಟಿಯಾಗಿದ್ದ ಮಾಳವ್ವ ಅವ್ವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ರಾಜ ತಲೆಗೆ ಮೆತ್ತಿದ ಜೇಡರ ಬಲೆಯ ಸಮೇತ ಮಂಚದಡಿಯಿಂದ ಹೊರಬಂದ. ವಕ್ರಕೇತುವಿಗೆ ಚಿನ್ನದ ಸೂರ್ಯನೂ ಸಿಕ್ಕಿದ, ಕೆಲಸವೂ ಸಿಕ್ಕಿತು. ಮಾಳವ್ವನ ಅಂಗಡಿಯಲ್ಲಿ ಕಂಡವರ ಅಂಗಿ ತೊಟ್ಟು ದಿನವಿಡೀ ನೆಟ್ಟಗೆ ನಿಲ್ಲುವ ಕೆಲಸ. ನೂಲಾವತಿಯ ಜನ ಮೈಗೊಪ್ಪುವ ಅಂಗಿ ತೊಟ್ಟು ನೂರು ವರ್ಷ ನಗುನಗುತ್ತಾ ಬಾಳಿದರು. ಮಾಳವ್ವನನ್ನು ಊರು ಆಮೇಲೂ ಕಂಕುಳ ನವಿಲು ಎಂದೇ ಕರೆಯುತ್ತಿತ್ತು, ಆದರೆ ಹೆಸರಿನ ಕೊನೆಗೆ 'ಅಮ್ಮನವರು' ಎಂದು ಸೇರಿಸುತ್ತಿತ್ತು.