ಅವನು ಕರೆತಂದ ಊರು

"ಎರಡು ಪ್ಲೇಟ್ ಯಾಕಪ್ಪಾ? ನಾನು ಹೇಳಿದ್ದು ಒಂದೇ," ಎಂದು ಅವಳು ಸಿಡುಕಿದಳು.

"ಜಗಳ ಆಡ್ಕೊಂಡು ಬಂದಿದೀರಾ ಅಮ್ಮಾ?" ಸಪ್ಲಯರ್ ನಕ್ಕ. "ಯಜಮಾನ್ರೂ ತಿನ್ಲಿ ಬಿಡಿ. ಈ ಊರಿಗೆ ಬಂದು ಉಪವಾಸ ಹೋದವ್ರಿಲ್ಲ."

ಯಜಮಾನರ ಅಂಗಿಯೊಳಗೆ, ಹೊಟ್ಟೆಗೆ ಹಾಕಿದ ನಳಿಕೆಯ ಸಂಗತಿ ಅವನಿಗೇನು ಗೊತ್ತು? ಅನ್ನನಾಳದ ಕ್ಯಾನ್ಸರ್ ದಾರಿ ಮುಚ್ಚಿದ ಮೇಲೆ ಆ ಬಾಯಿಗೆ ಒಂದು ಅಗುಳೂ ಬಿದ್ದಿರಲಿಲ್ಲ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕೈಚೆಲ್ಲಿದ್ದರು.

ಅವಳ ಗಂಡ ಟೂರಿಸ್ಟ್ ಬಸ್ಸಿನ ಡ್ರೈವರ್. ಈ ಹಳೇ ಕೋಟೆಯ ಊರಿಗೆ ಕಂಡವರ ಹೆಂಡಿರನ್ನೆಲ್ಲ ಕರೆತಂದಿದ್ದ, ತನ್ನವಳೊಬ್ಬಳನ್ನು ಬಿಟ್ಟು. "ಮುಂದಿನ ಸೀಸನ್‌ಗೆ ಕಣೇ" ಎನ್ನುತ್ತಿದ್ದ. ಹೊಲಿಗೆ ಮೆಷಿನ್ ತುಳಿಯುತ್ತಲೇ ಅವಳು ಮೂತಿ ತಿರುವುತ್ತಿದ್ದಳು.

"ತಿನ್ನು," ಎಂದ ಈಗ, ಒಡೆದ ದನಿಯಲ್ಲಿ.

ಅವಳು ಒಂದು ತುತ್ತು ಬಾಯಿಗಿಟ್ಟಳು. "ಸಪ್ಪೆ ರೀ. ಏನೂ ಚೆನ್ನಾಗಿಲ್ಲ. ನಡೀರಿ."

"ಸುಳ್ಳಿ. ರುಚಿ ಹತ್ತಿದ್ರೆ ನಿನ್ನ ಎಡಹುಬ್ಬು ಏರತ್ತೆ. ಈಗ ಏರ್ತು."

ಅವಳ ಕಣ್ಣು ತುಂಬಿತು. "ನಿಮ್ಮೆದುರಿಗೆ ಹೇಗ್ರೀ ನುಂಗ್ಲಿ?"

"ಅದಕ್ಕೇ ಅಡುಗೆಮನೆ ಬಾಗಿಲು ಹಾಕ್ಕೊಂಡು, ಕಳ್ಳಿ ಥರ ನಿಂತ್ಕೊಂಡು ತಿಂತೀಯಾ?"

ಅವಳು ಬೆಚ್ಚಿದಳು. ಅವನಿಗೆ ಗೊತ್ತಿತ್ತು.

"ನಾನು ಹೋದ್ಮೇಲೆ ಅಳು, ಬೇಡ ಅನ್ನಲ್ಲ. ಆದ್ರೆ ಊಟ ಬಿಟ್ಬಿಡ್ತೀಯಲ್ಲ, ಅದೇ ನಂಗೆ ನಿದ್ದೆ ಕೊಡ್ತಿಲ್ಲ. ನೀನು ಹೊಟ್ಟೆ ತುಂಬ ತಿನ್ನೋದು ನೋಡ್ಬೇಕು. ಕೋಟೆ ನೋಡಕ್ಕೆ ಬಂದಿಲ್ಲ ಕಣೇ ನಾನು."

ಅವಳು ತಿಂದಳು. ಮೊದಮೊದಲು ಔಷಧಿಯ ಹಾಗೆ, ಕಣ್ಣೀರು ಬೆರೆಸಿಕೊಂಡು. ಆಮೇಲೆ ಎಷ್ಟೋ ತಿಂಗಳ ಹಸಿವು ನಾಚಿಕೆ ಬಿಟ್ಟು ಎದ್ದು ಕೂತಿತು. ಎರಡನೆಯ ಪ್ಲೇಟನ್ನೂ ಹತ್ತಿರ ಎಳೆದುಕೊಂಡಳು. ತಿರುವಿನ ರಸ್ತೆ ನೋಡುವವನಂತೆ ಅವನು ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ.

"ಖಾರ ಇದೆಯಾ?"

"ಇದೆ."

"ಹುಳಿ?"

"ಕೊನೇಲಿ ಬರತ್ತೆ."

ಅವನ ಬಾಯಲ್ಲಿ ನೀರೂರಿತು. ನುಂಗಲಾಗದೆ ಕರವಸ್ತ್ರಕ್ಕೆ ಉಗುಳಿ, ತಪ್ಪು ಮಾಡಿದವನ ಹಾಗೆ ನಕ್ಕ. ಅವಳೂ ನಗಲು ಹೋದಳು, ಆಗಲಿಲ್ಲ.

ಕೈ ತೊಳೆಯಲು ಎದ್ದವಳ ಮಣಿಕಟ್ಟನ್ನು ಅವನು ಹಿಡಿದ. "ತೊಳೀಬೇಡ."

"ಎಂಜಲು ರೀ."

"ನಿಂದು ತಾನೇ."

ಬೀದಿಯಲ್ಲಿ ಎಂದೂ ಅವಳ ಕೈ ಹಿಡಿದು ನಡೆಯದವನು, ತುಂಬಿದ ಹೋಟೆಲಿನ ನಡುವೆ ಆ ಅಂಗೈಯನ್ನು ಮೂಗಿಗೊತ್ತಿಕೊಂಡು, ಕಣ್ಣು ಮುಚ್ಚಿ ಘಮ ಎಳೆದುಕೊಂಡ. ಜನ ನೋಡಿದರು. ನೋಡಲಿ ಎಂದು ಅವಳು ಅವನ ಪಕ್ಕದಲ್ಲೇ ಕೂತಳು, ಬೆರಳುಗಳು ಒಣಗಿ ಬಿರುಸಾಗುವವರೆಗೂ.